ಕೋಲಾರದಲ್ಲಿ ಹಳೇ ಡಿಶ್‌ವಾಶರ್ ಸಿಗುತ್ತಿದೆ, ತಗೋಬಹುದಾ?

ಹದಿನೈದು ವರ್ಷದ ಡಿಶ್‌ವಾಶರ್ ಅಗ್ಗಕ್ಕೆ ಕೊಡ್ತಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ. ವಯಸ್ಸು ಬಿಡಿ, ಇಷ್ಟು ವರ್ಷ ಅದು ಎಂಥ ನೀರು ಕುಡಿದಿದೆ ಅಂತ ನೋಡಿ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತೇ ಇರುತ್ತದೆ. ಕೆಳಗಿನ ರ‍್ಯಾಕ್ ತೆಗೆದರೆ ತಳದಲ್ಲಿ ದುಂಡನೆ ಮುಚ್ಚಳ ಇರುತ್ತದೆ, ಅದು ಉಪ್ಪು ಹಾಕುವ ಜಾಗ. ಆ ಉಪ್ಪು ಪಾತ್ರೆಗಲ್ಲ, ನೀರನ್ನು ಮೆದು ಮಾಡುವ ರೆಸಿನ್ ಮತ್ತೆ ಕೆಲಸಕ್ಕೆ ಬರಲಿ ಅಂತ. ಅಡುಗೆ ಉಪ್ಪು ನಡೆಯಲ್ಲ. ಮಾರುವವರು "ಉಪ್ಪಾ? ಯಾವ ಉಪ್ಪು?" ಅಂದರೆ ಸುಮ್ನೆ ವಾಪಸ್ ಬನ್ನಿ. ಮುಚ್ಚಳವೇ ಇಲ್ಲದ ಮಾಡೆಲ್ ಆದರೆ ಇಲ್ಲಿಗೆ ಬೇಡವೇ ಬೇಡ.

ಎದುರಿಗೇ ಬಿಸಿನೀರಿನ ಸೈಕಲ್ ಒಂದು ಪೂರ್ತಿ ಓಡಿಸಿ. ಅರ್ಧ ಗಂಟೆ ಬಿಟ್ಟು ಬಾಗಿಲು ಮೆಲ್ಲಗೆ ತೆಗೆದರೆ ಆವಿ ಬರಬೇಕು, ಇಲ್ಲದಿದ್ದರೆ ಹೀಟರ್ ಅನುಮಾನ. ಕೊನೆಗೆ ಫಿಲ್ಟರ್ ಕೆಳಗೆ ಸ್ವಲ್ಪ ನೀರು ಉಳಿದರೆ ಹೆದರಬೇಡಿ, ಅದು ಮಾಮೂಲಿ. ತಳದ ತುಂಬ ನಿಂತರೆ ಡ್ರೈನ್ ಪಂಪೋ ಪೈಪೋ ಕೆಟ್ಟಿದೆ. ನೀರು ಚಿಮ್ಮುವ ರೆಕ್ಕೆ ಬಿಚ್ಚಿ ಅಲ್ಲಾಡಿಸಿ, ಒಳಗೆ ಗಲಗಲ ಅಂದರೆ ಸುಣ್ಣದ ಚೂರು. ಬಾಗಿಲ ರಬ್ಬರ್ ಬದಲಾಯಿಸಬಹುದು, ಆದರೆ ಅಷ್ಟು ಹಳೇ ಮಾಡೆಲ್‌ಗೆ ಸರ್ಕ್ಯೂಟ್ ಬೋರ್ಡ್ ಹುಡುಕೋದು ಕಷ್ಟ.

ಮನೆಯಲ್ಲಿ 16 ಆಂಪಿಯರ್ ಸಾಕೆಟ್ ಇದೆ ಅಲ್ವಾ? ಟ್ಯಾಂಕ್ ನಲ್ಲಿಗಿಂತ ಹತ್ತು ಅಡಿ ಮೇಲಿದ್ದರೂ ಸಿಗುವ ಒತ್ತಡ ಸುಮಾರು 0.3 ಬಾರ್ ಅಷ್ಟೇ, ಮಷೀನಿಗೆ ಎಷ್ಟು ಬೇಕು ಅಂತ ಅದರ ಪುಸ್ತಕದಲ್ಲಿ ನೋಡಿಕೊಂಡೇ ದುಡ್ಡು ಕೊಡಿ.