ಸ್ಪ್ಯಾಮ್ ಮೇಲ್‌ಗೂ 'ಆಲ್ ಟ್ರಸ್ಟೆಡ್' ಬೀಳ್ತಿದೆ, ಆ ರೂಲನ್ನೇ ತೆಗೆದುಬಿಡಲಾ?

ತೆಗೀಬೇಡಿ. ನೀವು ಹೇಳಿದ್ದು ಇಷ್ಟು: ಆಫೀಸಿನ ಮೇಲ್ ಸರ್ವರ್ ರೂಟರ್ ಹಿಂದೆ 192.168.1.10ರಲ್ಲಿದೆ, ಅದರಲ್ಲಿ ಸ್ಪ್ಯಾಮ್ ಸೋಸುವ ಫಿಲ್ಟರ್ ಸ್ಪ್ಯಾಮ್‌ಅಸಾಸಿನ್ ಓಡುತ್ತಿದೆ. ಲಾಟರಿ, ಸಾಲದ ಮೇಲ್‌ಗಳಿಗೂ 'ಆಲ್ ಟ್ರಸ್ಟೆಡ್' (ಮೇಲ್ ಬಂದ ದಾರಿಯ ಸರ್ವರ್‌ಗಳೆಲ್ಲ ನಂಬಿಕಸ್ತ) ರೂಲಿನ ಮೈನಸ್ 1 ಅಂಕ ಸಿಕ್ಕಿ, ಸ್ಪ್ಯಾಮ್ ಅಂತ ತೀರ್ಮಾನಿಸುವ 5 ಅಂಕದ ಗೆರೆಗಿಂತ ಸ್ವಲ್ಪ ಕೆಳಗೆ ನಿಂತು ಇನ್‌ಬಾಕ್ಸ್‌ಗೆ ಬರುತ್ತಿವೆ. ಅದರ ಸ್ಕೋರ್ 0 ಮಾಡಿದರೆ ಸಾಕಲ್ವಾ ಅಂತ ನಿಮ್ಮ ಪ್ರಶ್ನೆ.

ಹೋಗುತ್ತಿರುವುದು ಆ ಒಂದು ಅಂಕ ಮಾತ್ರ ಆಗಿದ್ದರೆ ಸಾಕಿತ್ತು. ಈ ರೂಲ್ ತಪ್ಪಾಗಿ ಬಿತ್ತು ಅಂದರೆ, ಹೊರಗಿನ ಸರ್ವರನ್ನು ಫಿಲ್ಟರ್ ನಮ್ಮದೇ ಅಂದುಕೊಂಡಿದೆ. ನಮ್ಮದಾದ ಮೇಲೆ ಅದರ ಐಪಿಯನ್ನು ಸ್ಪ್ಯಾಮ್‌ಹೌಸ್ ಥರದ ಬ್ಲಾಕ್‌ಲಿಸ್ಟ್‌ನಲ್ಲಿ (ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿ) ಯಾಕೆ ಹುಡುಕುತ್ತೆ? ಎಸ್‌ಪಿಎಫ್ ಪರೀಕ್ಷೆಯೂ (ಆ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಆ ಸರ್ವರ್‌ಗೆ ಅನುಮತಿ ಇದೆಯೇ ಅನ್ನೋದು) ನಡೆಯೋದಿಲ್ಲ. ಸ್ಕೋರ್ 0 ಮಾಡಿದರೂ ಇವೆರಡು ವಾಪಸ್ ಬರಲ್ಲ. ಮೇಲ್‌ನ ಹೆಡರ್‌ನಲ್ಲಿ (ಬಂದ ದಾರಿ, ಅಂಕ ಬರೆದಿರುವ ಭಾಗ) ಕಣ್ಣಿಗೆ ಬೀಳುತ್ತಿದ್ದ ಒಂದೇ ಸುಳಿವೂ ಹೋಗುತ್ತೆ, ಅಷ್ಟೆ.

ಯಾಕೆ ಹೀಗಾಗುತ್ತೆ? ಯಾವ ಸರ್ವರ್ ನಮ್ಮದು ಅಂತ ನೀವು ಬರೆದು ಕೊಟ್ಟಿಲ್ಲದಿದ್ದರೆ ಸ್ಪ್ಯಾಮ್‌ಅಸಾಸಿನ್ ತಾನೇ ಊಹೆ ಮಾಡುತ್ತೆ. ಮೇಲ್ ಪಡೆದ ಸರ್ವರ್‌ನ ಐಪಿ 192.168 ಅಥವಾ 10ರಿಂದ ಶುರುವಾಗುವ ಒಳಗಿನ ಐಪಿಯಾಗಿದ್ದರೆ, ಹೊರಗಿನ ಮೇಲ್ ತೆಗೆದುಕೊಳ್ಳೋ ಸರ್ವರ್ ಇನ್ನೊಂದಿದೆ, ಇದಕ್ಕೆ ಕಳಿಸಿದ್ದು ಅದೇ ಇರಬೇಕು ಅಂದುಕೊಳ್ಳುತ್ತೆ. ನಿಮ್ಮಲ್ಲಿ ಅಂಥದ್ದಿಲ್ಲ. ಕಳಿಸಿದ್ದು ನೇರವಾಗಿ ಸ್ಪ್ಯಾಮರ್! ಬಾಡಿಗೆ ವರ್ಚುವಲ್ ಸರ್ವರ್‌ನಲ್ಲಿ (ವಿಪಿಎಸ್) ಇರೋರಿಗೆ ಇನ್ನೊಂದು ಕಾಟ: ಕಳಿಸಿದವರ ಐಪಿಯ ಮೊದಲ ಎರಡು ಭಾಗ ನಮ್ಮದರಂತೇ ಇದ್ದರೂ ನಮ್ಮವರೇ ಅನ್ನುತ್ತೆ. ಅಂದರೆ 65,536 ವಿಳಾಸ, ಪಕ್ಕದ ಬಾಡಿಗೆದಾರರೆಲ್ಲ ಸೇರಿ.

ಸ್ಪ್ಯಾಮ್‌ಅಸಾಸಿನ್‌ನ ಸೆಟ್ಟಿಂಗ್ ಫೈಲ್ ಆದ ಲೋಕಲ್ ಡಾಟ್ ಸಿಎಫ್‌ನಲ್ಲಿ 'ಟ್ರಸ್ಟೆಡ್ ನೆಟ್‌ವರ್ಕ್ಸ್' ಅಂತ (ನಡುವೆ ಅಂಡರ್‌ಸ್ಕೋರ್) ಬರೆದು, ಮುಂದೆ 192.168.1.10 ಮತ್ತು ನಿಮ್ಮ ಸ್ವಂತ ಪಬ್ಲಿಕ್ ಐಪಿ ಕೊಡಿ. 'ಇಂಟರ್ನಲ್ ನೆಟ್‌ವರ್ಕ್ಸ್'ಗೂ ಅದನ್ನೇ ಕೊಡಿ. ಬ್ಯಾಕಪ್ ಎಂಎಕ್ಸ್ (ನಿಮ್ಮ ಸರ್ವರ್ ಸಿಗದಾಗ ಮೇಲ್ ಪಡೆಯುವ ಸರ್ವರ್) ಇದ್ದರೆ ಎರಡರಲ್ಲೂ ಸೇರಿಸಿ.

ಆದರೆ ಅದಕ್ಕೂ ಮೊದಲು ಒಂದು ಸ್ಪ್ಯಾಮ್ ಮೇಲ್‌ನ ಪೂರ್ತಿ ಹೆಡರ್ ತೆರೆದು, ಎಲ್ಲಕ್ಕಿಂತ ಮೇಲಿರುವ 'ರಿಸೀವ್ಡ್' ಸಾಲು ನೋಡಿ. 'ಫ್ರಮ್' ಆದ ಮೇಲೆ ಚೌಕ ಬ್ರಾಕೆಟ್‌ನಲ್ಲಿ ಒಂದು ಐಪಿ ಇರುತ್ತೆ. ಅದು ಹೊರಗಿನ ಐಪಿಯಾಗಿದ್ದರೆ ಸರಿ. ಅಲ್ಲಿ ರೂಟರ್‌ನ ಒಳಗಿನ ಐಪಿ 192.168.1.1 ಇದ್ದರೆ, ಎಲ್ಲಿಂದಲೋ ಬಂದ ಬೇರೆ ಮೇಲ್‌ಗಳಲ್ಲೂ ಅದೇ ಇದ್ದರೆ, ತಪ್ಪು ರೂಟರ್‌ನದು. ಒಳಗೆ ಬರುವ ಪೋರ್ಟ್ 25ರ (ಮೇಲ್‌ನ) ಕನೆಕ್ಷನ್‌ಗಳ ಮೂಲ ಐಪಿಯನ್ನು ಅಳಿಸಿ ತನ್ನದನ್ನೇ ಹಾಕುತ್ತಿದೆ. ಸರ್ವರನ್ನು ಡಾಕರ್ ಕಂಟೇನರ್‌ನಲ್ಲಿ ಓಡಿಸಿದಾಗಲೂ ಈ ಥರ ಆಗುತ್ತೆ, ಅಲ್ಲಿ ಸಾಮಾನ್ಯವಾಗಿ 172.17.0.1 ಕಾಣುತ್ತೆ. ಹೀಗಿದ್ದರೆ ಫಿಲ್ಟರ್‌ನಲ್ಲಿ ಏನೇ ಬರೆದರೂ ಪ್ರಯೋಜನ ಇಲ್ಲ, ಮೊದಲು ರೂಟರ್‌ನಲ್ಲಿ ಅದನ್ನು ನಿಲ್ಲಿಸಿ. ಅದೂ ಬೇಗ ನಿಲ್ಲಿಸಿ. ಮೇಲ್ ಸರ್ವರ್ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್‌ನ 'ಮೈನೆಟ್‌ವರ್ಕ್ಸ್' ಪಟ್ಟಿಯಲ್ಲಿ (ಹೊರಗೆ ಮೇಲ್ ಕಳಿಸಲು ಅನುಮತಿ ಇರುವ ಐಪಿಗಳು) 192.168 ಪೂರ್ತಿ ಇದ್ದರೆ ಇಡೀ ಜಗತ್ತೇ ನಿಮ್ಮ ಸರ್ವರ್ ಮೂಲಕ ಸ್ಪ್ಯಾಮ್ ಕಳಿಸಬಹುದು. ಇನ್‌ಬಾಕ್ಸ್‌ಗೆ ಬರೋ ಲಾಟರಿ ಮೇಲ್ ಅದರ ಮುಂದೆ ಏನೂ ಅಲ್ಲ.

ಇದರ ಜೊತೆ 'ವೈಟ್‌ಲಿಸ್ಟ್ ಫ್ರಮ್' ಅಂತ ನಿಮ್ಮದೇ ಡೊಮೇನ್ ಹಾಕಿಕೊಂಡಿದ್ದರೆ ಈಗಲೇ ತೆಗೆಯಿರಿ. ಫ್ರಮ್ ವಿಳಾಸ ಯಾರು ಬೇಕಾದರೂ ಸುಳ್ಳು ಬರೀಬಹುದು, ಈ ಸಾಲು ಅದಕ್ಕೆ ಮೈನಸ್ 100 ಕೊಡುತ್ತೆ. ಬೇಕೇ ಬೇಕಾದರೆ 'ವೈಟ್‌ಲಿಸ್ಟ್ ಆಥ್' ಬಳಸಿ, ಅದು ಎಸ್‌ಪಿಎಫ್ ಅಥವಾ ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ) ಪಾಸಾದರೆ ಮಾತ್ರ ಕೆಲಸ ಮಾಡುತ್ತೆ. ಸ್ಪ್ಯಾಮ್‌ಅಸಾಸಿನ್ 4.0ರಿಂದ ಇವುಗಳ ಹೆಸರು 'ವೆಲ್‌ಕಮ್‌ಲಿಸ್ಟ್' ಆಗಿದೆ.

ಬದಲಾಯಿಸಿದ ಮೇಲೆ ಲಿಂಟ್ (ಸೆಟ್ಟಿಂಗ್‌ನಲ್ಲಿ ತಪ್ಪಿದೆಯೇ ನೋಡುವ ಪರೀಕ್ಷೆ) ಓಡಿಸಿ, ಸ್ಪ್ಯಾಮ್‌ಡಿ (ಹಿನ್ನೆಲೆಯಲ್ಲಿ ಓಡುವ ಸ್ಪ್ಯಾಮ್‌ಅಸಾಸಿನ್) ರೀಸ್ಟಾರ್ಟ್ ಮಾಡಿ. ಮೇಲ್ ಸರ್ವರ್‌ಗೂ ಫಿಲ್ಟರ್‌ಗೂ ನಡುವೆ ಅಮಾವಿಸ್ ಇದ್ದರೆ ರೀಸ್ಟಾರ್ಟ್ ಮಾಡಬೇಕಾದ್ದು ಅದನ್ನು, ಯಾಕೆಂದರೆ ಅದು ಸ್ಪ್ಯಾಮ್‌ಡಿಯನ್ನು ಕೇಳೋದೇ ಇಲ್ಲ. ಆಮೇಲೆ ಹಳೇ ಸ್ಪ್ಯಾಮ್ ಒಂದನ್ನು ಡಿಬಗ್ ಮೋಡ್‌ನಲ್ಲಿ ಕೊಟ್ಟು ನೋಡಿ. 'ರಿಲೇಸ್ ಅನ್‌ಟ್ರಸ್ಟೆಡ್' ಸಾಲಿನಲ್ಲಿ ಸ್ಪ್ಯಾಮರ್‌ನ ಐಪಿ ಕಾಣಬೇಕು. ಇನ್ನೂ ಖಾಲಿ ಇದ್ದರೆ ಆ ಸಾಲನ್ನೂ ಮೇಲಿನ ರಿಸೀವ್ಡ್ ಸಾಲನ್ನೂ ಇಲ್ಲಿ ಹಾಕಿ, ನೋಡೋಣ.