ಪಾಠ ಮಾಡಿದರೆ ಸಾಲದಾ?

ಪ್ರಶ್ನೆ: ಸುತ್ತಲಿನ ಊರುಗಳಲ್ಲಿ ಉದ್ಯಮ ಬೆಳೆಸುವುದೂ ವಿಶ್ವವಿದ್ಯಾಲಯದ ಕೆಲಸವಾ? ಚೆನ್ನಾಗಿ ಪಾಠ ಮಾಡಿದರೆ ಸಾಲದಾ?

ಉತ್ತರ: ಸಾಲದು. 18 ವರ್ಷ ಪ್ರಯೋಗಾಲಯದಲ್ಲಿ ಕಳೆದವನಾಗಿ ಹೇಳುತ್ತಿದ್ದೇನೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು. ಆಗ ಹಾಲಿಗೆ ದುಡ್ಡು ಸಿಗುತ್ತಿದ್ದದ್ದು ಅಳತೆ ನೋಡಿ. ನೀರು ಬೆರೆಸಿದವನಿಗೇ ಲಾಭ, ಅಲ್ವಾ? 1890ರಲ್ಲಿ ಅಲ್ಲಿನ ಸ್ಟೀಫನ್ ಬ್ಯಾಬ್‌ಕಾಕ್ ಹಾಲಿನ ಕೊಬ್ಬು ಅಳೆಯುವ ಸುಲಭ ಪರೀಕ್ಷೆ ಕಂಡುಹಿಡಿದರು. ಹಾಲಿಗೆ ಆಮ್ಲ ಬೆರೆಸಿ ಗಿರ್ರನೆ ತಿರುಗಿಸಿದರೆ ಕೊಬ್ಬು ಮೇಲೆ ಬರುತ್ತದೆ, ಸೀಸೆಯ ಕತ್ತಿನ ಗೆರೆಯಲ್ಲಿ ಓದಿಕೊಂಡರಾಯಿತು. ಅವರು ಪೇಟೆಂಟ್ ಪಡೆಯಲಿಲ್ಲ. ಒಳ್ಳೆಯ ಹಾಲು ಕೊಟ್ಟವರಿಗೆ ಒಳ್ಳೆಯ ಬೆಲೆ ಸಿಕ್ಕಿತು, ಆ ಪ್ರದೇಶದ ಹೈನುಗಾರಿಕೆ ಬೆಳೆಯಿತು. ಒಂದು ಕಂಪನಿ ಹುಟ್ಟಿಸುವುದಕ್ಕಿಂತ ಇದು ದೊಡ್ಡದು ಎಂದು ನನ್ನ ನಂಬಿಕೆ.

ಇನ್ನೊಂದು ದಾರಿ ಅಮೆರಿಕದ್ದೇ ಆದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಪ್ರೊಫೆಸರ್ ಫ್ರೆಡರಿಕ್ ಟರ್ಮನ್ ತಮ್ಮ ಶಿಷ್ಯರಾದ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಅವರನ್ನು ಸ್ವಂತ ಉದ್ಯಮಕ್ಕೆ ಹುರಿದುಂಬಿಸಿದರು. 1939ರಲ್ಲಿ ಅವರಿಬ್ಬರ ಹೆಸರಿನ ಎಚ್‌ಪಿ ಕಂಪನಿ ಶುರುವಾಯಿತು. ಕಟ್ಟಡ, ಬೋರ್ಡು ಆಮೇಲೆ. ಮೊದಲು ಬೆನ್ನು ತಟ್ಟುವ ಗುರು ಬೇಕು.

ನನ್ನ ವಿದ್ಯಾರ್ಥಿನಿಯೊಬ್ಬಳು ಮಣ್ಣಿನ ತೇವ ಅಳೆಯುವ ಒಳ್ಳೆಯ ಸಾಧನ ಮಾಡಿದ್ದಳು. ಪೇಟೆಂಟ್ ಯಾರ ಹೆಸರಿಗೆ ಎಂದು ತೀರ್ಮಾನಿಸಲು ನಮ್ಮ ಕಚೇರಿ ಎರಡು ವರ್ಷ ತೆಗೆದುಕೊಂಡಿತು. ಅಷ್ಟರಲ್ಲಿ ಅವಳು ಬೇರೆ ಕೆಲಸಕ್ಕೆ ಹೋದಳು. ಸಾಧನ ಕಪಾಟಿನಲ್ಲೇ ಉಳಿಯಿತು. ಇವತ್ತಿಗೂ ಅದನ್ನು ನೋಡಿದರೆ ಸಂಕಟವಾಗುತ್ತದೆ. ನಿಮಗೆ ವಿಶ್ವವಿದ್ಯಾಲಯದ ಸಂಪರ್ಕವಿದ್ದರೆ, ಪೇಟೆಂಟ್ ಯಾರ ಹೆಸರಿಗೆ ಎಂಬ ನಿಯಮ ಬರಹದಲ್ಲಿ ಇದೆಯಾ ಎಂದು ಮೊದಲು ಕೇಳಿ.