ರಜೆಯನ್ನು ಬಾಯಲ್ಲಿ ಕೇಳಬೇಡಿ, ಹಾಳೆಯಲ್ಲಿ ಕೇಳಿ

ಪ್ರಶ್ನೆ: ನಾನು ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಮನೆ ಮೈಸೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಮಗಳು ದ್ವಿತೀಯ ಪಿಯುಸಿ, ಮಗ ಎಂಟನೇ ಕ್ಲಾಸು. ಅತ್ತೆಗೆ ಪಾರ್ಶ್ವವಾಯು ಆಗಿದೆ. ಶಿಶುಪಾಲನಾ ರಜೆ ಕೇಳಿದರೆ ನಮ್ಮ ಸಾಹೇಬರು, "ಅದು ಹಾಲು ಕುಡಿಯೋ ಮಕ್ಕಳಿಗೆ ಕಣಮ್ಮ" ಅಂದರು. ಪಕ್ಕದ ಮನೆಯವರು ರೈಲ್ವೆಯಲ್ಲಿದ್ದಾರೆ, ಅವರಿಗೆ ಎರಡು ವರ್ಷ ಇದೆಯಂತೆ. ಯಾವುದು ನಿಜ?

ಉತ್ತರ: ನಿಮ್ಮ ಸಾಹೇಬರು ಹೇಳಿದ್ದು ತಪ್ಪು. ಪಕ್ಕದ ಮನೆಯವರು ಹೇಳಿದ್ದು ಸರಿ, ಆದರೆ ಅದು ನಿಮಗಲ್ಲ. ಮೈಸೂರಿನಲ್ಲಿ ಈ ಗೊಂದಲ ಜಾಸ್ತಿ. ರೈಲ್ವೆ, ಸಿಎಫ್‌ಟಿಆರ್‌ಐ, ಭಾಷಾ ಸಂಸ್ಥಾನ ಅಂತ ಒಂದೇ ಬೀದಿಯಲ್ಲಿ ನಾಲ್ಕು ಮನೆ ಕೇಂದ್ರದವರು, ನಾಲ್ಕು ಮನೆ ರಾಜ್ಯದವರು. ಕೇಂದ್ರದಲ್ಲಿ ಇಡೀ ಸೇವೆಗೆ 730 ದಿನ. ಮೊದಲ 365 ದಿನ ಪೂರ್ತಿ ಸಂಬಳ, ಉಳಿದ 365 ದಿನ ಶೇ 80. ನಮ್ಮ ರಾಜ್ಯದಲ್ಲಿ 2021ರ ಬಜೆಟ್‌ನಲ್ಲಿ ಘೋಷಣೆಯಾಗಿ ಅದೇ ವರ್ಷ ಆದೇಶ ಬಂತು. ಇಡೀ ಸೇವೆಗೆ 180 ದಿನ, ಸಂಬಳ ಸಹಿತ. ಮಗುವಿಗೊಂದು 180 ಅಲ್ಲ, ಎಲ್ಲಾ ಸೇರಿ 180. ಗಳಿಕೆ ರಜೆಯ ಲೆಕ್ಕದಲ್ಲಿ ಒಂದು ದಿನವೂ ಕಡಿಮೆ ಆಗುವುದಿಲ್ಲ, ಇದರ ಖಾತೆಯೇ ಬೇರೆ. ಒಂದೇ ಸಲ ಮುಗಿಸಬೇಕು ಅಂತಲೂ ಇಲ್ಲ, ಕಂತಿನಲ್ಲಿ ತಗೋಬಹುದು.

ಮಗುವಿಗೆ 18 ತುಂಬುವವರೆಗೆ ಅಂತ ಆದೇಶದಲ್ಲೇ ಇದೆ. ಹದಿನೇಳರ ಹುಡುಗಿ ಹಾಲು ಕುಡಿಯುತ್ತಾಳಾ? ಆದರೆ ನಿಮ್ಮ ಮಗಳು ದ್ವಿತೀಯ ಪಿಯುಸಿ ಅಂದರೆ ಹದಿನೆಂಟರ ಹೊಸ್ತಿಲಲ್ಲಿದ್ದಾಳೆ. ಹುಟ್ಟಿದ ದಿನಾಂಕ ಮೊದಲು ನೋಡಿಕೊಳ್ಳಿ, ಅದು ದಾಟಿದರೆ ಅವಳ ಹೆಸರಲ್ಲಿ ಕೇಳಲು ಬರುವುದಿಲ್ಲ. ಮಗನ ಎಸ್ಸೆಸ್ಸೆಲ್ಸಿಗೂ ಒಂದಷ್ಟು ದಿನ ಎತ್ತಿಡಿ.

ಇನ್ನು ನಿಜವಾದ ತೊಡಕು ಬೇರೆ ಇದೆ. ಪಿಯುಸಿ ಪರೀಕ್ಷೆ ಬರೋದೂ ಮಾರ್ಚ್ ಹೊತ್ತಿಗೆ, ಆರ್ಥಿಕ ವರ್ಷ ಮುಗಿಯೋದೂ ಮಾರ್ಚ್‌ಗೆ. ಬಿಲ್ಲುಗಳೆಲ್ಲ ಖಜಾನೆಗೆ ಹೋಗೋ ಆ ಗಲಾಟೆಯಲ್ಲಿ, ಮಾರ್ಚ್ 10ಕ್ಕೆ ಹೋಗಿ ಟೇಬಲ್ ಮುಂದೆ ನಿಂತು "ಸಾರ್, ರಜೆ" ಅಂದರೆ ಯಾವ ಸಾಹೇಬರೂ ಕೊಡುವುದಿಲ್ಲ. ಕೊಡದಿದ್ದರೆ ನೀವು ಏನೂ ಮಾಡೋಕಾಗಲ್ಲ, ಯಾಕೆಂದರೆ ರಜೆಯನ್ನು ಹಕ್ಕು ಅಂತ ಕೇಳುವ ಹಾಗಿಲ್ಲ, ನಿಯಮದಲ್ಲೇ ಇದೆ. ಹಾಗಾಗಿ ಡಿಸೆಂಬರ್‌ನಲ್ಲೇ ಅರ್ಜಿ ಕೊಡಿ. ಯಾವ ದಿನದಿಂದ ಯಾವ ದಿನದವರೆಗೆ, ನಿಮ್ಮ ಕಡತ ಯಾರು ನೋಡಿಕೊಳ್ಳುತ್ತಾರೆ, ಎರಡೂ ಬರೆಯಿರಿ. ಜೊತೆಗೆ ಮಗಳ ಜನನ ಪ್ರಮಾಣ ಪತ್ರ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ನೇರಳೆ ಮುದ್ರೆ ಬಿದ್ದ ಮೇಲೆ, ಇಲ್ಲ ಅನ್ನೋದಾದರೆ ಅವರೂ ಕಾರಣ ಬರೆದು ಇಲ್ಲ ಅನ್ನಬೇಕು. ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ ಅದು.

ಅತ್ತೆಯವರ ವಿಷಯ. ಅದಕ್ಕೆ ಶಿಶುಪಾಲನಾ ರಜೆ ಬರುವುದಿಲ್ಲ. ಪರಿವರ್ತಿತ ರಜೆಯೂ ಬೇಡ, ಅದು ನಿಮಗೇ ಹುಷಾರಿಲ್ಲದಾಗ ವೈದ್ಯರ ಪ್ರಮಾಣ ಪತ್ರ ಕೊಟ್ಟು ಪಡೆಯೋದು. ಅತ್ತೆಗೆ ಕಾಯಿಲೆ, ಸೊಸೆಗೆ ಸರ್ಟಿಫಿಕೇಟು, ಈ ಆಟ ಆಡೋರು ಬೇಕಾದಷ್ಟು ಜನ ಇದ್ದಾರೆ, ನೀವು ಆಡಬೇಡಿ. ಸ್ವಂತ ಕೆಲಸಕ್ಕೆ ಅರ್ಧ ವೇತನ ರಜೆ ಕೇಳಬಹುದು, ವರ್ಷಕ್ಕೆ 20 ದಿನ ಜಮೆ ಆಗುತ್ತಾ ಇರುತ್ತೆ. ಸಂಬಳ ಕಡಿಮೆ ಆಗೋದು ಬೇಡ ಅಂದರೆ ಗಳಿಕೆ ರಜೆ ಇದೆ, ಜನವರಿಗೆ 15, ಜುಲೈಗೆ 15. ವರ್ಷ ವರ್ಷ 15 ದಿನ ಮಾರಿ ದುಡ್ಡು ಮಾಡಿಕೊಳ್ಳೋದು ನಮ್ಮವರಿಗೆ ಹಬ್ಬದ ಖರ್ಚಿನ ದಾರಿ. ತಪ್ಪೇನಿಲ್ಲ, ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರು ಇರುವಾಗ ಮಾರಬೇಡಿ. ಗಳಿಕೆ ರಜೆ ಕೂಡಿಡೋಕೆ 300 ದಿನವೇ ಮಿತಿ, ಅದು ತುಂಬಿದ ಮೇಲೆ ಕೂಡಿಡೋದೂ ಸುಮ್ನೆ ದಂಡ.

ಒಂದು ಮಾತು, ನಾನೂ ಪೆಟ್ಟು ತಿಂದವನೇ. ನಿವೃತ್ತಿಗೆ ಮೂರು ತಿಂಗಳಿದ್ದಾಗ ಸೇವಾ ಪುಸ್ತಕ ತೆರೆದರೆ ರಜೆ ಪುಟದಲ್ಲಿ ಎರಡು ವರ್ಷ ಜಮೆಯೇ ಹಾಕಿರಲಿಲ್ಲ. 60 ದಿನ! ಹಳೇ ಕಚೇರಿಗೆ ಅಲೆದು ಸರಿ ಮಾಡಿಸೋಕೆ ನನ್ನ ಗಳಿಕೆ ರಜೆಯೇ ನಾಲ್ಕು ದಿನ ಖರ್ಚಾಯಿತು. ವರ್ಷಕ್ಕೊಮ್ಮೆ ಆ ಪುಟ ನೋಡಿ.

ಪ್ರಶ್ನೆ: ಮದ್ದೂರು ಕಡೆ ಗ್ರಾಮ ಆಡಳಿತಾಧಿಕಾರಿ ನಾನು. ಭಾನುವಾರವೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಇವತ್ತೇ ಅಪ್‌ಲೋಡ್ ಮಾಡಿ" ಅಂತ ಬರುತ್ತದೆ. ಮುಂದಿನ ತಿಂಗಳು ಹೆಂಡತಿಗೆ ಮೊದಲ ಹೆರಿಗೆ. ಫೋನ್ ಆಫ್ ಮಾಡಬಹುದಾ?

ಉತ್ತರ: ಸುಮ್ಮನೆ ಆಫ್ ಮಾಡಿದರೆ ನಿಮಗೇ ನೋಟಿಸು. ಸರ್ಕಾರಿ ನೌಕರನ ಪೂರ್ತಿ ಸಮಯ ಸರ್ಕಾರದ್ದು ಅಂತ ನಿಯಮ ಹೇಳುತ್ತದೆ, ಅದು ಬರೆದಾಗ ವಾಟ್ಸ್‌ಆ್ಯಪ್ ಇರಲಿಲ್ಲ ಬಿಡಿ. ಮೊಬೈಲ್ ಆ್ಯಪ್‌ಗಳ ಹೊರೆಯ ವಿರುದ್ಧ 2024ರ ಸೆಪ್ಟೆಂಬರ್‌ನಲ್ಲಿ ನಿಮ್ಮವರು ರಾಜ್ಯದಾದ್ಯಂತ ಮುಷ್ಕರ ಮಾಡಿದ್ದು ನಿಮಗೇ ಗೊತ್ತು. ನಿಮಗೆ 15 ದಿನ ಪಿತೃತ್ವ ರಜೆ ಇದೆ, ಹೆರಿಗೆ ಸಮಯದಲ್ಲಿ ತಗೋಬೇಕು, ಆಮೇಲೆ ನಾಮಕರಣಕ್ಕೆ ಅಂತ ಉಳಿಸಿಡೋಕೆ ಆಗಲ್ಲ. ಡಾಕ್ಟರು ಕೊಟ್ಟ ದಿನಾಂಕ ಬರೆದು ಈಗಲೇ ಅರ್ಜಿ ಹಾಕಿ. ಮುಖ್ಯವಾದದ್ದು ಪ್ರಭಾರ. ನಿಮ್ಮ ವೃತ್ತವನ್ನು ಪಕ್ಕದ ವೃತ್ತದವರಿಗೆ ವಹಿಸಿದ್ದೇನೆ ಅಂತ ಇಬ್ಬರೂ ಸಹಿ ಮಾಡಿದ ಹಾಳೆ ತಹಶೀಲ್ದಾರರ ಕಚೇರಿಗೆ ಹೋಗಲಿ. ಆ ಹಾಳೆಯ ಫೋಟೋ ಗ್ರೂಪಿಗೂ ಹಾಕಿ. ಆಮೇಲೆ ಬರೋ ಮೆಸೇಜು ಪಕ್ಕದ ವೃತ್ತದವರ ಜವಾಬ್ದಾರಿ. ನಾಳೆ ಅವರ ಮನೆಯಲ್ಲಿ ಇಂಥ ಸಮಯ ಬಂದಾಗ ನೀವು ಹಿಂದೆ ಸರಿಯಬೇಡಿ, ಅಷ್ಟೇ.

ಪ್ರಶ್ನೆ: ಸಾಂದರ್ಭಿಕ ರಜೆ 15 ಇದ್ದದ್ದು 10 ಮಾಡಿದರು. ಇದು ಮೋಸ ಅಲ್ವಾ?

ಉತ್ತರ: 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ಐದು ಕಿತ್ತುಕೊಂಡರು. ವರ್ಷಕ್ಕೆ 12 ಶನಿವಾರ ಬಂತು, 5 ಹೋಯಿತು, ಲೆಕ್ಕದಲ್ಲಿ 7 ನಿಮಗೇ ಲಾಭ. ಆದರೆ ಮಗುವಿಗೆ ಜ್ವರ ಬರೋದು ನಾಲ್ಕನೇ ಶನಿವಾರ ನೋಡಿಕೊಂಡು ಅಲ್ಲವಲ್ಲ. ಹಾಗಾಗಿ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಬ್ಯಾಂಕು, ಆಸ್ಪತ್ರೆ ಚೆಕಪ್ಪು, ಗ್ಯಾಸ್ ಕೆಲಸ ಎಲ್ಲಾ ಆ ಶನಿವಾರಕ್ಕೆ ತಳ್ಳಬೇಡಿ, ಅವತ್ತು ಬ್ಯಾಂಕಿಗೂ ರಜೆ.